ಅತ್ತಿಗೆಯ ಹೆಸರು ಯಾರೂ ಕೂಗಬಾರದು

ನಮ್ಮೂರಿನವರು ಹೆದರುತ್ತಿದ್ದುದು ಕಬ್ಬಿಣಕ್ಕೆ, ಮುಳ್ಳಿಗಲ್ಲ. ಹೊಸೂರಿನಲ್ಲಿ ಫ್ಯಾಕ್ಟರಿಗಳು ಶುರುವಾದ ಮೇಲೆ ಬಂದ ಹೆದರಿಕೆ ಅದು. ತಳಿ ಎಂಬ ಊರಿನ ಕಡೆಯ ನಮ್ಮ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದ ಕೆಲವೇ ಗಂಡಸರಲ್ಲಿ ನನ್ನ ಅಣ್ಣನೂ ಒಬ್ಬ. ಫ್ಯಾಕ್ಟರಿಯಲ್ಲಿ ಕಬ್ಬಿಣದ ಚೂರು ಚರ್ಮಕ್ಕೆ ತಾಗಿದರೆ ಸಾಕು, ಕರೆದೊಯ್ದು ಸೂಜಿ ಚುಚ್ಚುತ್ತಿದ್ದರಂತೆ. “ತುಕ್ಕಲ್ಲೇ ಇರಾದು ವಿಷ” ಎಂದು ಅಣ್ಣ ಬಂದು ಹೇಳಿದ್ದು ಊರಿಗೆಲ್ಲ ವೇದವಾಯಿತು. ಕುಡುಗೋಲು ತಾಗಿದವರು, ಮೊಳೆ ತುಳಿದವರು ಸೂಜಿ ಹಾಕಿಸಿಕೊಳ್ಳಲು ನಡೆದರು. ಒಳ್ಳೆಯದೇ ಆಯಿತು. ಆದರೆ ಮುಳ್ಳಿಗೆ ಯಾರಾದರೂ ಸೂಜಿ ಹಾಕಿಸಿಕೊಳ್ಳುತ್ತಾರೆಯೇ? ಮುಳ್ಳು ತುಳಿಯದೆ ನಮ್ಮೂರಲ್ಲಿ ಯಾರು ತಾನೇ ನಡೆಯುವುದನ್ನು ಕಲಿತಿದ್ದಾರೆ?

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ಬೇಸಿಗೆ. ರಾಗಿ ಹೊಲಕ್ಕೆ ಗೊಬ್ಬರ ಹೊಡೆಯುವ ಸಮಯ. ತಿಪ್ಪೆ ಕೆದಕಿ ಮಂಕರಿಗೆ ತುಂಬುತ್ತಿದ್ದ ಅತ್ತಿಗೆಯ ಬರಿಗಾಲಿಗೆ ಏನೋ ಆಳವಾಗಿ ನೆಟ್ಟಿತು. ನಾನು ಆಗ ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ ಬಿ.ಎಸ್ಸಿ. ಕೊನೆಯ ಪರೀಕ್ಷೆ ಬರೆಯುತ್ತಿದ್ದೆ. ಆ ದಿನ ನಡೆದ ಮಾತನ್ನು ಆಮೇಲೆ ಅಣ್ಣನೇ ನನಗೆ ಹೇಳಿದ, ತಲೆ ಎತ್ತದೆ.

“ಏನ್ ತುಳುದ್ಯೇ? ಮೊಳೆಯಾ?”

“ಮೊಳೆ ತುಳಿಯಾಕೆ ನಮ್ ತಿಪ್ಪೆಯೇನು ನಿಮ್ ಫ್ಯಾಕ್ಟ್ರಿನಾ? ಜಾಲಿಮುಳ್ಳು.”

“ಹಂಗಾರೆ ಸೂಜಿ ಬ್ಯಾಡ, ಬುಡು.”

ಪಿನ್ನಿನಿಂದ ಮುಳ್ಳು ಕೆದಕಿದರು. ತುದಿ ಒಳಗೇ ಮುರಿದುಕೊಂಡಿತ್ತು. ಅದು ಹೊರಗೆ ಬರಲೆಂದು ಎಕ್ಕದ ಹಾಲು ಬಿಟ್ಟು, ಮೇಲೆ ಬಿಸಿ ಸಗಣಿ ಮೆತ್ತಿ ಬಟ್ಟೆ ಕಟ್ಟಿದರು. ಕುಂಟುತ್ತಲೇ ಅತ್ತಿಗೆ ಮರುದಿನವೂ ಗೊಬ್ಬರ ಹೊತ್ತಳು. ಆ ಸಗಣಿಯಲ್ಲಿ, ಆ ತಿಪ್ಪೆಯ ಮಣ್ಣಿನಲ್ಲಿ ಧನುರ್ವಾಯುವಿನ ಬೀಜ ಎಷ್ಟು ಕಾಲ ಬೇಕಾದರೂ ಸುಮ್ಮನೆ ಮಲಗಿರುತ್ತದೆ ಎಂದು, ಅದಕ್ಕೆ ತುಕ್ಕಿನ ಹಂಗೇ ಇಲ್ಲವೆಂದು, ಗಾಳಿಯಾಡದ ಆಳವಾದ ಗಾಯವೊಂದು ಸಿಕ್ಕರೆ ಸಾಕೆಂದು ಅಣ್ಣನಿಗೆ ಯಾರೂ ಹೇಳಿರಲಿಲ್ಲ.

ಅತ್ತಿಗೆ ನನಗೆ ಯಾರು ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಮಾತು ದೊಡ್ಡಪ್ಪನದು. ಅಪ್ಪನ ಅಣ್ಣ ಅವರು. ಹುಡುಗಿಯಾದ ನನ್ನನ್ನು ಬೆಂಗಳೂರಿಗೆ ಓದಲು ಕಳಿಸುವುದು ಬೇಡವೆಂದು ಅವರು ತೀರ್ಪು ಕೊಟ್ಟಾಗ, ಮದುವೆಯಾಗಿ ಬಂದು ಇನ್ನೂ ಕಾಲುಂಗುರದ ಹೊಳಪು ಹೋಗದಿದ್ದ ಅತ್ತಿಗೆ ಅಡುಗೆಮನೆಯೊಳಗಿಂದಲೇ ಕೇಳಿದ್ದಳು: “ಯಾಕ್ ಬ್ಯಾಡ ಮಾವ? ಓದ್ಕಂಡು ಬಂದು ನಿಮ್ ಕಾಯಿಲೆಗೇ ಮದ್ದು ಬರುದ್ಕೊಟ್ಟಾಳು.” ದೊಡ್ಡಪ್ಪ ನಕ್ಕುಬಿಟ್ಟಿದ್ದರು. ಅವರನ್ನು ನಗಿಸಿ ಕೆಲಸ ಸಾಧಿಸುವ ಏಕೈಕ ವ್ಯಕ್ತಿ ಅವಳು. ತಮ್ಮ ಸ್ವಂತ ಮಕ್ಕಳಿಗಿಂತ ಅವಳ ಮೇಲೆ ಅವರಿಗೆ ಪ್ರೀತಿ ಹೆಚ್ಚು. ಮುಂದೆ ನಡೆದುದಕ್ಕೆಲ್ಲ ಆ ಪ್ರೀತಿಯೇ ಕಾರಣ.

ಪರೀಕ್ಷೆ ಮುಗಿಸಿ ನಾನು ಊರಿಗೆ ಬಂದ ದಿನ ಅತ್ತಿಗೆ ಮುದ್ದೆ ಬಡಿಸಿದಳು, ತಾನು ಉಣ್ಣಲಿಲ್ಲ. ಕೇಳಿದರೆ ದವಡೆ ಹಿಡಿದುಕೊಂಡಿದೆ ಅಂದಳು. ಹಲ್ಲು ಸಂದಿಯಿಂದಲೇ, “ನಿಮ್ಮಣ್ಣ ದಿನಾ ಬಾಯ್ ಮುಚ್ಚು ಅಂತಿದ್ದ ಅಮ್ಮಣ್ಣೀ, ದೇವ್ರು ಕೇಳುಸ್ಕಂಡ” ಅಂತ ತಮಾಷೆ ಮಾಡಿದಳು. ಅಮ್ಮ ಹರಳೆಣ್ಣೆ ಕಾಯಿಸಿ ಕೆನ್ನೆಗೆ ಉಜ್ಜಿದಳು.

ಬೆಳಗ್ಗೆ ಎದ್ದು ನೋಡಿದರೆ ಅತ್ತಿಗೆಯ ಮುಖದಲ್ಲಿ ನಗು ಇತ್ತು. ಹುಬ್ಬು ಮೇಲೇರಿತ್ತು, ತುಟಿಯ ತುದಿಗಳು ಹಿಂದಕ್ಕೆ ಎಳೆದುಕೊಂಡಿದ್ದವು, ಕಣ್ಣು ಮಾತ್ರ ನಗುತ್ತಿರಲಿಲ್ಲ. ಆ ಕಣ್ಣುಗಳು ನನ್ನನ್ನು ಹುಡುಕುತ್ತಿದ್ದವು. ಹಿತ್ತಲಲ್ಲಿ ಯಾರೋ ಬಿಂದಿಗೆಯನ್ನು ಕಲ್ಲಿನ ಮೇಲೆ ಕುಕ್ಕಿದರು. ಆ ಸದ್ದಿಗೆ ಅತ್ತಿಗೆಯ ಬೆನ್ನು ಚಾಪೆಯಿಂದ ಮೇಲೆದ್ದಿತು. ತಲೆ ಮತ್ತು ಹಿಮ್ಮಡಿ ಮಾತ್ರ ನೆಲದಲ್ಲಿದ್ದವು. ನಡುವೆ ಅತ್ತಿಗೆ ಬಿಲ್ಲಾಗಿದ್ದಳು.

ನನಗೆ ಗೊತ್ತಾಯಿತು. ಕಾಲೇಜಿನಲ್ಲಿ ಮೇಷ್ಟರು ಬೋರ್ಡಿನ ಮೇಲೆ ಬರೆದ ಚಿತ್ರ ಕಣ್ಣ ಮುಂದೆ ಬಂದು ನಿಂತಿತು.

ನರದ ತುದಿಯೊಂದು ಇನ್ನೊಂದು ನರವನ್ನು ಮುಟ್ಟುವುದಿಲ್ಲ, ನಡುವೆ ಕೂದಲೆಳೆಗಿಂತ ಎಷ್ಟೋ ಕಿರಿದಾದ ಬಿರುಕೊಂದು ಇರುತ್ತದೆ ಎಂದು ಅವರು ಹೇಳಿದ್ದರು. ಆ ತುದಿಯಲ್ಲಿ ರಸ ತುಂಬಿದ ಪುಟ್ಟ ಪುಟ್ಟ ಚೀಲಗಳಿವೆ. ಸುದ್ದಿ ಓಡಿಬಂದು ತುದಿಯನ್ನು ತಲುಪಿದಾಗ ಅಲ್ಲಿಯ ಬಾಗಿಲುಗಳು ತೆರೆದು ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದು ಬಂದದ್ದೇ ಅಪ್ಪಣೆ. ಚೀಲಗಳು ಗೋಡೆಗೆ ಅಂಟಿ, ಬಾಯಿ ಬಿಚ್ಚಿ, ರಸವನ್ನು ಬಿರುಕಿಗೆ ಸುರಿಯುತ್ತವೆ. ಆಚೆಯ ಜೀವಕೋಶ ಆ ರಸವನ್ನು ಕುಡಿದು ಸುದ್ದಿಯನ್ನು ಅರಿಯುತ್ತದೆ. ನಮ್ಮ ಮಾತು, ನಡೆ, ನೆನಪು ಎಲ್ಲ ಹೀಗೆ ಸುರಿದು ದಾಟಿದ್ದೇ. ಆದರೆ ಎಲ್ಲ ರಸವೂ ‘ಎಳೆ’ ಎಂದು ಹೇಳುವುದಿಲ್ಲ. ‘ಸಾಕು, ಬಿಡು’ ಎಂದು ಹೇಳುವ ರಸವೂ ಇದೆ. ಮೊಣಕೈ ಮಡಿಸಬೇಕಾದರೆ ಮುಂದಿನ ಮಾಂಸಖಂಡ ಬಿಗಿಯಬೇಕು, ಹಿಂದಿನದು ಸಡಿಲಬೇಕು. ಸಡಿಲು ಎಂದು ಹೇಳುವವರಿಲ್ಲದಿದ್ದರೆ ಎರಡೂ ಬಿಗಿದು ಎಲುಬು ಮುರಿದೀತು. ಧನುರ್ವಾಯುವಿನ ವಿಷ ಗಾಯದಿಂದ ನರದೊಳಗೇ ಹತ್ತಿಕೊಂಡು ಬೆನ್ನುಹುರಿಗೂ ಮಿದುಳಿನ ಬುಡಕ್ಕೂ ಹೋಗಿ, ಆ ‘ಬಿಡು’ ಎನ್ನುವ ಚೀಲಗಳನ್ನಷ್ಟೇ ಹುಡುಕಿ ಅವುಗಳ ಬಾಯಿ ಕಟ್ಟುತ್ತದೆ. ಸುದ್ದಿ ಬರುತ್ತದೆ, ಕ್ಯಾಲ್ಸಿಯಂ ನುಗ್ಗುತ್ತದೆ, ಚೀಲವೂ ತುಂಬಿದೆ. ಸುರಿಯುವುದಿಲ್ಲ. ಆಮೇಲೆ ಯಾವ ಸಣ್ಣ ಸದ್ದಾದರೂ, ಬೆಳಕಾದರೂ, ಮೈ ಮುಟ್ಟಿದರೂ ಇಡೀ ದೇಹಕ್ಕೆ ಬರುವುದು ಒಂದೇ ಅಪ್ಪಣೆ: ಎಳೆ. ಉಸಿರಾಡಿಸುವ ಮಾಂಸಖಂಡಗಳಿಗೂ ಅದೇ ಅಪ್ಪಣೆ.

ಇದನ್ನೆಲ್ಲ ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅದು ನಮ್ಮ ಮನೆಯ ಚಾಪೆಯ ಮೇಲೆ ನಡೆಯುತ್ತಿತ್ತು.

ಅಷ್ಟರಲ್ಲಿ ದೊಡ್ಡಪ್ಪ ಬಂದರು. “ಗಾಳಿ ಸೋಕೈತೆ” ಅಂದರು. ನಮ್ಮ ವಂಶದಲ್ಲೊಂದು ಪದ್ಧತಿ ಇತ್ತು. ಜೀವ ಹೋಗುವ ಹಾಗಿದ್ದರೆ ಮನೆಯ ಹಿರಿಯರು ಕಿವಿಗೆ ಬಾಯಿಟ್ಟು ಹೆಸರು ಹಿಡಿದು ಕೂಗಬೇಕು. ಕರೆದವರನ್ನು ಬಿಟ್ಟು ಜೀವ ಹೋಗುವುದಿಲ್ಲ ಎಂದು ನಂಬಿಕೆ. ಅಪ್ಪನ ಕೊನೆಗಳಿಗೆಯಲ್ಲೂ ದೊಡ್ಡಪ್ಪ ಹಾಗೆ ಕೂಗಿದ್ದರು. ಅಣ್ಣ ಕೆಲಸದಿಂದ ಓಡಿಬರುವವರೆಗೂ ಅಪ್ಪನಲ್ಲಿ ಉಸಿರಿತ್ತು. ತಮ್ಮ ಗಂಟಲೇ ಆ ಉಸಿರನ್ನು ಹಿಡಿದಿಟ್ಟಿತ್ತು ಎಂದು ಅವರು ನಂಬಿದ್ದರು. ನಾನೂ ನಂಬಿದ್ದೆ.

ಅವರು ಚಾಪೆಯ ಪಕ್ಕ ಮಂಡಿಯೂರಿ ಅತ್ತಿಗೆಯ ಕಿವಿಗೆ ಬಾಗಿ ಹೆಸರು ಹಿಡಿದು ಕೂಗಿದರು.

ಅತ್ತಿಗೆ ಬಿಲ್ಲಾದಳು. ಈ ಸಲ ಇಳಿಯಲು ಹೊತ್ತು ಹಿಡಿಯಿತು. ತುಟಿ ನೀಲಿಗೆ ತಿರುಗಿತು.

“ನೋಡುದ್ರಾ! ಕರುದ್ರೆ ಏಳ್ತಾ ಅವ್ಳೆ!” ಎಂದರು ದೊಡ್ಡಪ್ಪ. ಅವರ ಕಣ್ಣಲ್ಲಿ ನೀರಿತ್ತು, ಸಂತೋಷದ ನೀರು. “ಕೇಳುಸ್ತಾ ಐತೆ ಅವ್ಳಿಗೆ! ಇನ್ನೂ ಜೋರಾಗ್ ಕೂಗ್ಬೇಕು. ಬರ್ರಿ ಎಲ್ಲಾರೂ!”

ಇಂದಿಗೂ ನನ್ನೊಳಗೆ ಮತ್ತೆ ಮತ್ತೆ ನಡೆಯುವುದು ಇದೇ ಗಳಿಗೆ. ಅವರ ಎದೆ ಉಸಿರು ತುಂಬಿಕೊಂಡು ಉಬ್ಬುತ್ತದೆ. ಬಿಳಿಗಡ್ಡ ಬಾಗುತ್ತದೆ. ಬಾಯಿ ತೆರೆಯುತ್ತದೆ. ನನ್ನ ಕೈ ಇನ್ನೂ ದೂರದಲ್ಲಿದೆ. ಎಷ್ಟೋ ಸಲ ಕನಸಿನಲ್ಲಿ ಆ ಕೈ ತಲುಪುವುದೇ ಇಲ್ಲ.

ಅಂದು ತಲುಪಿತು. ನಾನು ದೊಡ್ಡಪ್ಪನ ಬಾಯಿ ಮುಚ್ಚಿದೆ. ಎರಡೂ ಕೈಯಿಂದ, ಬಿಗಿಯಾಗಿ. ಅವರು ಹಿಂದಕ್ಕೆ ಕುಸಿದು ಕೂತರು. ಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಆ ಕ್ಷಣಕ್ಕೆ ಬೇಕಾಗಿದ್ದುದೂ ಅದೇ.

“ಕೂಗ್ಬ್ಯಾಡಿ,” ಪಿಸುಗುಟ್ಟಿದೆ. “ಯಾರೂ ಕೂಗ್ಬ್ಯಾಡಿ. ಕೂಗುದ್ರೆ ಸಾಯ್ತಾಳೆ.”

ದೊಡ್ಡಪ್ಪ ಗಡ್ಡ ಒರೆಸಿಕೊಂಡು ಎದ್ದು ಹೊರಗೆ ಹೋದರು. ಹೊಸ್ತಿಲಲ್ಲಿ ನಿಂತು ಅಣ್ಣನಿಗೆ, “ನಿನ್ ತಂಗಿ ನನ್ ಬಾಯಿಗ್ ಕೈ ಹಾಕ್ಬುಟ್ಳು ಕಣ್ಲಾ” ಎಂದಷ್ಟೇ ಹೇಳಿದರು. ಯಾರೋ ಸತ್ತ ಸುದ್ದಿ ಹೇಳುವ ದನಿಯಲ್ಲಿ.

ಆಸ್ಪತ್ರೆಗೆ ಹೋಗಲು ತರಕಾರಿ ಸಾಗಿಸುವ ವ್ಯಾನೊಂದು ಸಿಕ್ಕಿತು. ಎಲೆಕೋಸಿನ ಮೂಟೆ ಇಳಿಸಿ, ರಾಗಿ ಹುಲ್ಲು ಹಾಸಿ, ಮೇಲೆ ಇದ್ದಬದ್ದ ಕೌದಿಯೆಲ್ಲ ಹರಡಿದೆವು. ದಿಂಬು ಹರಿದು ಹತ್ತಿ ತೆಗೆದು ಅತ್ತಿಗೆಯ ಕಿವಿಗೆ ತುರುಕಿದೆ. ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿದೆ. ಡ್ರೈವರಿಗೆ ಹಾರನ್ ಹೊಡೆಯಬೇಡ, ಗುಂಡಿಗೆ ಇಳಿಸಬೇಡ ಎಂದೆ.

“ಹಾರನ್ ಇಲ್ದೆ ಎಮ್ಮೆಗಳ್ಗೆ ಹೆಂಗಕ್ಕಾ ದಾರಿ ಕೇಳಾದು? ಕಾಗ್ದ ಬರೀಲಾ?” ಎಂದ. ಆಮೇಲೆ ಹಿಂದೆ ಮಲಗಿದ್ದವಳ ಮುಖ ನೋಡಿದ. ದಾರಿಯುದ್ದಕ್ಕೂ ಎಮ್ಮೆ ಅಡ್ಡ ಬಂದಲ್ಲೆಲ್ಲ ಇಳಿದು ಹೋಗಿ ಕೈಯಿಂದಲೇ ಸರಿಸಿ ಬಂದ. ಇಳಿಜಾರು ಬಂದಾಗಲೆಲ್ಲ ಎಂಜಿನ್ ಆರಿಸಿ ಗಾಡಿಯನ್ನು ತೇಲಿಬಿಟ್ಟ. ಹಾಗೆ ತೇಲುವಾಗ ಹುಲ್ಲಿನ ಸರಪರ ಬಿಟ್ಟರೆ ಬೇರೆ ಸದ್ದಿಲ್ಲ. ನಾನು ಅತ್ತಿಗೆಯ ಮೈ ಮುಟ್ಟದೆ, ಪಕ್ಕದಲ್ಲಿ ಕೂತು ಅವಳ ಎದೆಯ ಏರಿಳಿತವನ್ನಷ್ಟೇ ನೋಡುತ್ತಿದ್ದೆ. ಅಣ್ಣ ಮುಂದೆ ಕೂತು ಒಮ್ಮೆಯೂ ತಿರುಗಿ ನೋಡಲಿಲ್ಲ.

ಕೃಷ್ಣಗಿರಿಯ ಆಸ್ಪತ್ರೆಯಲ್ಲಿದ್ದ ಡಾಕ್ಟರು ತಮಿಳು ಹೆಂಗಸು. ನೋಡಿದೊಡನೆ ಕಾರಿಡಾರಿನ ತುದಿಯ ಸಣ್ಣ ಕೋಣೆಗೆ ಸಾಗಿಸಿ, ಕಿಟಕಿಗೆ ಕಂಬಳಿ ಕಟ್ಟಿಸಿದರು. ವಿಷವನ್ನು ಹೊಡೆಯುವ ಸೂಜಿ, ಮಾಂಸಖಂಡ ಸಡಿಲಿಸುವ ಔಷಧಿ, ಮೂಗಿನಿಂದ ಹೊಟ್ಟೆಗೆ ನಳಿಕೆ. ಕಾಲಿನ ಗಾಯವನ್ನು ಬಿಡಿಸಿ ಮುಳ್ಳಿನ ತುದಿ ತೆಗೆದರು. ಆಮೇಲೆ ನನ್ನನ್ನು ಹೊರಗೆ ಕರೆದು ಇಂಗ್ಲಿಷಿನಲ್ಲೂ ತಮಿಳಿನಲ್ಲೂ ಬಿಡಿಸಿ ಹೇಳಿದರು. ಇನ್ನೂ ನರಕ್ಕೆ ಸೇರದ ವಿಷವನ್ನಷ್ಟೇ ಸೂಜಿ ಹೊಡೆಯಬಲ್ಲದು. ಸೇರಿಬಿಟ್ಟದ್ದನ್ನು ಬಿಡಿಸುವ ಮದ್ದು ಭೂಮಿಯ ಮೇಲಿಲ್ಲ. ನರವೇ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳಬೇಕು. ವಾರಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಕತ್ತಲು, ಮೌನ. “ಯಾರುಂ ಉಳ್ಳೇ ವರಕ್ಕೂಡಾದು” ಎಂದರು. ಯಾರೂ ಒಳಗೆ ಬರಕೂಡದು. “ನೀ ಪಾತ್ತುಕ್ಕೋ.” ನೀನು ನೋಡಿಕೋ.

ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತೆ.

ಮರುದಿನದ ಬಸ್ಸಿಗೆ ಅಮ್ಮನನ್ನು ಕರೆದುಕೊಂಡು ದೊಡ್ಡಪ್ಪ ಬಂದರು. ನನ್ನತ್ತ ನೋಡದೆ, ನನ್ನ ತಲೆಯ ಮೇಲಿದ್ದ ಬಾಗಿಲಿಗೆ ಹೇಳಿದರು: “ತೆಗೀರಿ. ಕೂಗ್ಬೇಕು.”

“ಆಗಲ್ಲ ದೊಡ್ಡಪ್ಪ. ಮೆಲ್ಲುಕೆ ಮಾತಾಡಿ.”

“ಬದುಕಿರೋ ಹೆಣ್ಣ ಕತ್ಲು ಕ್ವಾಣೇಲಿ ಹಾಕಿ ಬಾಗ್ಲು ಜಡ್ದವ್ರೆ. ಕರಿಯೋರು ಯಾರೂ ಇಲ್ಲ. ಜೀವ ಯಾರ್ ಮಕ ನೋಡ್ಕಂಡು ನಿಂತೀತು? ಏಳೇ ಮ್ಯಾಲೆ.”

“ಏಳಲ್ಲ.”

“ದೊಡ್ಡೋರ್ ಬಾಯಿ ಮುಚ್ಚಾದೇ ಹೇಳ್ಕೊಟ್ರೇನೇ ಕಾಲೇಜ್ನಲ್ಲಿ?”

“ಮುಚ್ಚಾದು ಹೇಳ್ಕೊಡ್ಲಿಲ್ಲ. ಯಾವಾಗ ಮುಚ್ಚಬೇಕು ಅಂತ ಹೇಳ್ಕೊಟ್ರು.”

ಅಣ್ಣ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ. “ಒಂದೇ ಒಂದ್ ಸಲ ಮೆಲ್ಲುಕೆ ಕರೀಲಿ ಬುಡೆ. ಅವ್ರ ಮನ್ಸಿಗೆ ಸಮಾಧಾನ.”

“ಅವ್ರ ಸಮಾಧಾನಕ್ಕೆ ನಿನ್ ಹೆಂಡ್ತಿ ಉಸ್ರು ಕೊಡ್ತೀಯಾ?”

ಅವನು ಎದ್ದು ಕಂಬದ ಆಚೆ ಹೋಗಿ ನಿಂತ. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು, ಸದ್ದಿಲ್ಲದೆ. ಅವಳೊಬ್ಬಳು ನನ್ನ ಮಾತು ಪಾಲಿಸಿದ್ದಳು.

ದೊಡ್ಡಪ್ಪ ಹೋಗಲಿಲ್ಲ. ಎದುರಿನ ಗೋಡೆಗೆ ಒರಗಿ ಕೂತರು. ಅವರನ್ನು ದಬ್ಬಬಲ್ಲೆ ಎಂಬ ಧೈರ್ಯ ನನಗಿರಲಿಲ್ಲ. ನನ್ನನ್ನು ದಬ್ಬಬಹುದಿತ್ತು ಅವರು, ದಬ್ಬಲಿಲ್ಲ. ತಮಗೆ ತಾವೇ ಅಂದುಕೊಳ್ಳುವ ಹಾಗೆ, “ಅವ್ಳು ಎದ್ಲಲ್ಲಾ, ನಾನ್ ಕೂಗ್ದಾಗ” ಎಂದರು.

ಆಗ ನನಗೆ ಅವರ ಮೇಲಿನ ಸಿಟ್ಟಿನ ನಡುವೆಯೇ ಅವರಿಗೆ ಇದನ್ನು ಹೇಳಲೇಬೇಕು ಅನ್ನಿಸಿತು. ಪಂಪ್‌ಸೆಟ್ಟು ಬರುವ ಮುಂಚೆ ದೊಡ್ಡಪ್ಪ ನಮ್ಮ ಬಾವಿಯಲ್ಲಿ ಕಪಿಲೆ ಹೊಡೆಯುತ್ತಿದ್ದರು. ಎತ್ತುಗಳು ಇಳಿಜಾರಿನಲ್ಲಿ ನಡೆದರೆ ದಪ್ಪ ಹಗ್ಗ ಚರ್ಮದ ಚೀಲವನ್ನು ನೀರಿನ ಸಮೇತ ಮೇಲೆತ್ತುತ್ತದೆ. ಮೇಲೆ ಬಂದಾಗ ತೆಳು ಹಗ್ಗವೊಂದು ಚೀಲದ ಬಾಯಿಯನ್ನು ತೊಟ್ಟಿಯ ಕಡೆಗೆ ಎಳೆದು ನೀರು ಸುರಿಸುತ್ತದೆ.

“ದೊಡ್ಡಪ್ಪ, ಕಪಿಲೇಲಿ ತೆಳು ಹಗ್ಗ ಕಿತ್ತೋದ್ರೆ?”

ಅವರು ಉತ್ತರ ಕೊಡುವುದಿಲ್ಲವೆಂದುಕೊಂಡೆ. ಕೊಟ್ಟರು. “ಚೀಲ ತುಂಬ್ಕಂಡು ಬತ್ತದೆ. ಸುರಿಯಲ್ಲ.”

“ಆಗ ಎತ್ತು ಇನ್ನೂ ಜೋರಾಗಿ ಹೊಡುದ್ರೆ?”

“ಎತ್ತು ಹೊಡ್ದು ಏನ್ಮಾಡ್ತೀಯ? ರಾಟೆ ಮುರೀತದೆ.”

“ಅತ್ತಿಗೆ ತಲೇಲಿ, ಬೆನ್ನಲ್ಲಿ ಅಂಥ ಚೀಲಗಳವೆ ದೊಡ್ಡಪ್ಪ. ಮೈಗೆ ‘ಸಡಿಲ ಬುಡು’ ಅಂತ ಹೇಳಾ ರಸ ತುಂಬೈತೆ ಅವುಗ್ಳೊಳ್ಗೆ. ವಿಷ ಆ ತೆಳು ಹಗ್ಗಾನ ಹಿಡ್ಕಂಡೈತೆ. ನೀವು ಕೂಗಾದು ಎತ್ತು ಹೊಡ್ದಂಗೆ. ಅವ್ಳು ನಿಮ್ ಕೂಗಿಗೆ ಎದ್ದಿದ್ದಲ್ಲ. ರಾಟೆ ಮುರೀತಿತ್ತು.”

ಅವರು ತಮ್ಮ ಅಂಗೈ ನೋಡಿಕೊಂಡರು. “ಮತ್ತೆ ಹಗ್ಗ ಕಟ್ಟಾರ್ಯಾರು?”

“ಅವ್ಳ ಮೈಯೇ ಕಟ್ಕಬೇಕು. ನಿಧಾನಕ್ಕೆ.”

“ಕಟ್ಕತದಾ?”

“ಗೊತ್ತಿಲ್ಲ.”

ನಾನು ಅಂದು ಹೋಲಿಕೆಗೆಂದು ಹೇಳಿದ ಹಗ್ಗ ಬರೀ ಹೋಲಿಕೆಯಲ್ಲ ಎಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಚೀಲವನ್ನು ಗೋಡೆಗೆ ಎಳೆದು ಬಾಯಿ ಬಿಚ್ಚಿಸುವ ಹುರಿಯಂಥ ಪ್ರೋಟೀನೊಂದು ನಿಜವಾಗಿಯೂ ಇದೆಯಂತೆ. ಈ ವಿಷ ಅದನ್ನೇ ಕತ್ತರಿಸುತ್ತದಂತೆ. ಆಗ ಅದು ನನ್ನ ಮೇಷ್ಟರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಆ ಬಾಗಿಲ ಮುಂದೆ ನಾನು ಮಾಡಬಹುದಾಗಿದ್ದುದು ಅಷ್ಟೇ: ಏಳದೆ ಕೂರುವುದು.

ಕೂತೆ. ಆ ವಾರಗಳಲ್ಲಿ ಚಪ್ಪಲಿ ಸದ್ದು ಮಾಡಿದವರನ್ನು ತಡೆದು ನಿಲ್ಲಿಸಿದೆ. ಪ್ರಸಾದ ತಂದವರನ್ನು ವಾಪಸು ಕಳಿಸಿದೆ. ಊರಿಂದ ನೋಡಲು ಬಂದವರು ನನ್ನನ್ನು ಮಾರಿ ಅಂದರು, ಗಂಡುಬೀರಿ ಅಂದರು. ಆಸ್ಪತ್ರೆಯಲ್ಲಿ ಮೆಲ್ಲಗೆ ಅನ್ನಿ ಎಂದೆ. ಒಳಗೆ ಅತ್ತಿಗೆ ಕೆಲವೊಮ್ಮೆ ಯಾವ ಸದ್ದೂ ಇಲ್ಲದೆಯೇ ಬಿಗಿದುಕೊಳ್ಳುತ್ತಿದ್ದಳು. ಆಗ ನರ್ಸು ಓಡುತ್ತಿದ್ದಳು, ಡಾಕ್ಟರು ಓಡುತ್ತಿದ್ದರು, ಬರಿಗಾಲಲ್ಲಿ. ಬಾಗಿಲ ಸಂದಿಯಿಂದ ನಾನು ಅವಳ ಎದೆ ಮತ್ತೆ ಇಳಿಯುವುದನ್ನು ಕಾಯುತ್ತಿದ್ದೆ. ಆ ಸ್ಥಿತಿಯಲ್ಲಿ ರೋಗಿಗೆ ಪ್ರಜ್ಞೆ ಪೂರ್ತಿ ಇರುತ್ತದೆ. ಎಲ್ಲ ತಿಳಿಯುತ್ತದೆ, ಎಲ್ಲ ನೋಯುತ್ತದೆ. ಇದನ್ನು ನಾನು ದೊಡ್ಡಪ್ಪನಿಗೆ ಹೇಳಲಿಲ್ಲ.

ಅವರು ಊರಿಗೂ ಆಸ್ಪತ್ರೆಗೂ ಓಡಾಡುತ್ತಲೇ ಇದ್ದರು. ಬಂದಾಗ ಅದೇ ಗೋಡೆ. ಒಂದು ಮಧ್ಯಾಹ್ನ ಕಾರಿಡಾರಿನಲ್ಲಿ ಯಾರೋ ರೋಗಿಯ ಕಡೆಯವನು ಗಟ್ಟಿಯಾಗಿ ಜಗಳ ತೆಗೆದಾಗ ದೊಡ್ಡಪ್ಪ ಎದ್ದು ಹೋಗಿ ಅವನ ಭುಜ ಹಿಡಿದು ಆಚೆಗೆ ನಡೆಸಿಕೊಂಡು ಹೋದದ್ದನ್ನು ನೋಡಿದೆ. ವಾಪಸು ಬಂದು ಕೂತರು.

ಔಷಧಿಯ ಪ್ರಮಾಣವನ್ನು ಇಳಿಸತೊಡಗಿದ್ದ ದಿನಗಳಲ್ಲೊಮ್ಮೆ, ಆಯಾಳ ಕೈಯಿಂದ ಸ್ಟೀಲಿನ ಟ್ರೇ ಜಾರಿ ಸಿಮೆಂಟಿನ ನೆಲಕ್ಕೆ ಬಿತ್ತು. ಅತ್ತಿಗೆಯ ಕೋಣೆಯೊಳಗೇ. ಸದ್ದು ಗೋಡೆಯಿಂದ ಗೋಡೆಗೆ ಬಡಿಯಿತು. ನಾನು ಬಾಗಿಲು ನೂಕಿಕೊಂಡು ಒಳಗೆ ಬಿದ್ದೆ. ಕತ್ತಲಲ್ಲಿ ಕಣ್ಣು ಹೊಂದಿಕೊಳ್ಳುವವರೆಗೂ ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಅತ್ತಿಗೆಯ ಬೆನ್ನು ಹಾಸಿಗೆಯ ಮೇಲೆಯೇ ಇತ್ತು. ರೆಪ್ಪೆ ಒಮ್ಮೆ ಅದುರಿತು, ಬೆರಳು ಬಿಗಿದವು, ಮತ್ತೆ ಸಡಿಲಾದವು. ತಾವಾಗಿಯೇ ಸಡಿಲಾದವು. ಅವಳೊಳಗೆ ಎಲ್ಲೋ ‘ಬಿಡು’ ಎಂಬ ಮಾತು ಬಿರುಕನ್ನು ದಾಟಿತ್ತು.

ಆಯಾ ಅಳತೊಡಗಿದಳು. ಅತ್ತಿಗೆ ಅರೆತೆರೆದ ಹಲ್ಲಿನ ಸಂದಿಯಿಂದ, ಮುದಿಹೆಂಗಸಿನ ದನಿಯಲ್ಲಿ, “ಏನಮ್ಮಣ್ಣೀ, ಹಂಗ್ ನೋಡ್ತೀಯ, ದೆವ್ವ ನೋಡ್ದಂಗೆ” ಎಂದಳು.

ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ದೊಡ್ಡಪ್ಪ ಎದ್ದು ನಿಂತಿದ್ದರು.

“ಈ ಸದ್ದಿಗೂ ಬೆನ್ನು ಬಗ್ಲಿಲ್ಲ,” ಎಂದೆ.

“ಈಗ್ ಕರೀಲಾ?”

“ಬ್ಯಾಡ.”

“ಇನ್ಯಾವಾಗೇ?”

“ಅವ್ಳೇ ಎದ್ದು ಈಚೆ ಬತ್ತಾಳೆ. ಆಗ ಕರೀರಿ.”

ಮನೆಗೆ ಕಳಿಸಿದ ದಿನ ಅತ್ತಿಗೆ ಅಣ್ಣನ ತೋಳು ಹಿಡಿದು, ಹೊಸದಾಗಿ ನಡಿಗೆ ಕಲಿತವಳಂತೆ ಕಾರಿಡಾರಿಗೆ ಬಂದಳು. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಳು. ದೊಡ್ಡಪ್ಪನ ಬಾಯಿ ತೆರೆಯಿತು, ಮುಚ್ಚಿತು. ಮತ್ತೆ ತೆರೆದು, ತೊಟ್ಟಿಲ ಪಕ್ಕ ಕರೆಯುವಷ್ಟು ಮೆಲ್ಲಗೆ ಅವಳ ಹೆಸರು ಕರೆದರು.

“ಏನ್ ಮಾವ” ಎಂದಳು ಅತ್ತಿಗೆ.

ಅವರು ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. “ನನ್ ಬಾಯಿಗ್ ಕೈ ಹಾಕ್ದೋಳು ನೀನು. ಊರ್ಗ್ ಬಂದು ಎಲ್ಲಾರ್ ಮುಂದೆ ಕಾಲಿಗ್ ಬೀಳ್ಬೇಕು. ಅಲ್ಲಿಗಂಟ ನಿನ್ ಜತೆ ಮಾತಿಲ್ಲ.”

“ಬೀಳಲ್ಲ ದೊಡ್ಡಪ್ಪ,” ಎಂದೆ. “ಬಸ್ಸಿಗೆ ಹೊತ್ತಾಯ್ತು, ನಡೀರಿ.”